ವಾಚ್‌ನಲ್ಲಿ ಎದೆಬಡಿತ 104 ದಾಟಲ್ಲ, ಆದರೆ ಕ್ಲೈಂಟ್‌ಗೆ ಏದುಸಿರು. ಕಾರ್ಡಿಯೋ ಹೇಗೆ ಹಾಕಿಕೊಡಲಿ?

ದಾವಣಗೆರೆ ಟ್ರೈನರ್:
ಎಲ್ಲರಿಗೂ ನಮಸ್ಕಾರ. ಜಿಮ್ ಟ್ರೈನರ್ ಆಗಿ ನನಗೆ ಎರಡು ವರ್ಷ. ಹೊಸದಾಗಿ ಒಬ್ಬರು ಸೇರಿದ್ದಾರೆ. ವಯಸ್ಸು 47, ಸ್ವಂತ ಅಂಗಡಿ, ದಿನವೆಲ್ಲ ಗಲ್ಲಾ ಮುಂದೆ ಕೂತಿರುತ್ತಾರೆ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಇದೆ. ಬೆಂಗಳೂರಿನ 10ಕೆ ಓಡಬೇಕು ಅನ್ನುವುದು ಅವರ ಆಸೆ.

ನಿಮಿಷಕ್ಕೆ ಗರಿಷ್ಠ ಎದೆಬಡಿತ ಎಷ್ಟು ಅಂತ ಅಂದಾಜು ಮಾಡಲು 220ರಲ್ಲಿ ವಯಸ್ಸು ಕಳೆದೆ, 173 ಬಂತು. ಅದರಲ್ಲಿ 70% ಅಂದರೆ 121. ಅಷ್ಟಕ್ಕೆ ತರೋಣ ಅಂತ ಟ್ರೆಡ್‌ಮಿಲ್ ಸ್ಪೀಡ್ 5ರಿಂದ ಶುರು ಮಾಡಿ 6.5ರವರೆಗೂ ಏರಿಸಿದೆ. ವಾಚ್ 104 ದಾಟಲೇ ಇಲ್ಲ, ಆದರೆ ಅವರು ಬಾಯಲ್ಲಿ ಉಸಿರಾಡುತ್ತಿದ್ದರು. ಮೆಷಿನ್ ನಿಲ್ಲಿಸಿ ಇಳಿದ ತಕ್ಷಣ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ನಿಂತುಬಿಟ್ಟರು, ಮುಖ ಬಿಳುಚಿಕೊಂಡಿತ್ತು, ಕೈ ಮುಟ್ಟಿದರೆ ತಣ್ಣಗೆ ಬೆವರು. ಕೂರಿಸಿ ನೀರು ಕೊಟ್ಟೆ. ಐದು ನಿಮಿಷಕ್ಕೆ ಸರಿಯಾದರು. "ಏನಿಲ್ಲ ಬಿಡಪ್ಪಾ, ಬೆಳಿಗ್ಗೆ ಏನೂ ತಿಂದಿರಲಿಲ್ಲ" ಅಂದರು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿ ತಪ್ಪಿದೆ ಹೇಳಿ.

ಮೈಸೂರು ಫಿಸಿಯೋ:
ಮೊದಲು ಅವರ ಮಾತ್ರೆ ಪಟ್ಟಿ ಕೇಳಿ ತಗೊಳ್ಳಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ್ದಿದ್ದರೆ ಅದು ಬೀಟಾ ಬ್ಲಾಕರ್. ಅದು ಎದೆಬಡಿತ ಏರದ ಹಾಗೆ ತಡೆಯುತ್ತದೆ, ಅದರ ಕೆಲಸವೇ ಅದು. ಅಂಥವರಿಗೆ 220ರ ಲೆಕ್ಕ ನಡೆಯುವುದಿಲ್ಲ. ನೀವು 121 ಮುಟ್ಟಿಸಲು ಹೊರಟಿರಿ, ಅವರ ಮಟ್ಟಿಗೆ 104 ಅನ್ನುವುದೇ ಜಾಸ್ತಿ ಆಗಿತ್ತು. ಮಾತ್ರೆ ಇಲ್ಲದವರಿಗೂ ಆ ಸೂತ್ರ ಒಂದು ಅಂದಾಜು ಅಷ್ಟೇ, ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ.

ಹಾಗಾಗಿ ಉಸಿರು ನೋಡಿ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಇಳಿಸಿ, ವಾಚ್ ಏನೇ ಹೇಳಲಿ.

ಇನ್ನೊಂದು, ದಯವಿಟ್ಟು ಮೆಷಿನ್ ಥಟ್ಟನೆ ನಿಲ್ಲಿಸಬೇಡಿ. ನಡೆಯುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಒಮ್ಮೆಲೇ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆಗೆ ಕಡಿಮೆ ಆಗುತ್ತದೆ. ಕೊನೆಗೆ ಐದರಿಂದ ಹತ್ತು ನಿಮಿಷ ನಿಧಾನ ನಡಿಗೆ ಇರಲೇಬೇಕು.

ಶುಗರ್ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದ್ದರೆ ಖಾಲಿ ಹೊಟ್ಟೆಯ ವ್ಯಾಯಾಮದಲ್ಲಿ ಶುಗರ್ ಕುಸಿಯಬಹುದು. ಬರೀ ಮೆಟ್ಫಾರ್ಮಿನ್ ಆದರೆ ಆ ಭಯ ಕಡಿಮೆ. ಶುಗರ್ ಇಳಿದಾಗ ಬರುವ ನಡುಕ, ಎದೆ ಡವಡವ ಎರಡನ್ನೂ ಬೀಟಾ ಬ್ಲಾಕರ್ ಮರೆಮಾಡುತ್ತದೆ. ಬೆವರು ಮಾತ್ರ ಕಾಣುತ್ತದೆ. ನೀವು ಹೇಳಿದ ತಣ್ಣನೆ ಬೆವರು ಅದೇ ಇರಬಹುದು, ಹೃದಯದ್ದೂ ಇರಬಹುದು, ಇಲ್ಲಿ ಕೂತು ಹೇಳಲು ಆಗದು. ಡಾಕ್ಟರ್ ನೋಡುವ ತನಕ ಅವರನ್ನು ಟ್ರೆಡ್‌ಮಿಲ್ ಹತ್ತಿಸಬೇಡಿ.

ದಾವಣಗೆರೆ ಟ್ರೈನರ್:
ಮೇಡಂ, ಮಾತ್ರೆ ಶೀಟ್ ತರಿಸಿ ನೋಡಿದೆ. ಮೆಟೊಪ್ರೊಲಾಲ್, ಗ್ಲಿಮೆಪಿರೈಡ್ ಎರಡೂ ಇವೆ. ಸೇರುವಾಗ ಫಾರ್ಮ್‌ನಲ್ಲಿ "ಬಿಪಿ ಇದೆಯೇ" ಅಂತ ಕೇಳಿದ್ದೆವು, ಯಾವ ಮಾತ್ರೆ ಅಂತ ಕೇಳಿರಲಿಲ್ಲ. ಇವತ್ತೇ ಆ ಸಾಲು ಸೇರಿಸಿದೆ. ಅವರು ನಾಳೆ ಡಾಕ್ಟರ್ ಹತ್ತಿರ ಹೋಗುತ್ತಾರೆ.

ಹುಬ್ಬಳ್ಳಿ ಕೋಚ್:
ತಮ್ಮಾ, ಡಾಕ್ಟರ್ ಹೂಂ ಅಂದ ಮೇಲೆ ನಿಮಿಷ ಮೊದಲು, ಸ್ಪೀಡ್ ಕೊನೆಗೆ. ನಾನು ಹನ್ನೆರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ, 15-20 ನಿಮಿಷ ನಡಿಗೆ. ವಾರ ಎರಡು ವಾರಕ್ಕೊಮ್ಮೆ ಐದು ನಿಮಿಷ ಏರಿಸು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಆರಾಮಾಗಿ ದಾಟುವವರೆಗೂ ಓಟದ ಮಾತೇ ಬೇಡ. ಆಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಮೂರು ನಿಮಿಷ ನಡಿಗೆ. ಒಂದು ವಾರದಲ್ಲಿ ಒಂದನ್ನೇ ಬದಲಿಸು. ನಿಮಿಷ ಏರಿಸಿದ ವಾರ ಏರು (ಟ್ರೆಡ್‌ಮಿಲ್‌ನ ಇಳಿಜಾರು) ಮುಟ್ಟಬೇಡ, ಏರು ಹೆಚ್ಚಿಸಿದ ವಾರ ನಿಮಿಷ ಮುಟ್ಟಬೇಡ. ಇಲ್ಲದಿದ್ದರೆ ಮೊಣಕಾಲು ನೋವು ಅಂತ ಬಂದಾಗ ಯಾವುದರಿಂದ ಬಂತು ಅಂತಲೇ ಗೊತ್ತಾಗಲ್ಲ.

ರೀಲ್ಸ್ ನೋಡಿ ಹಿಟ್ (HIIT, ಸ್ವಲ್ಪ ಹೊತ್ತು ಜೋರಾಗಿ ಮಾಡಿ ನಡುವೆ ಬಿಡುವು ಕೊಡುವ ವ್ಯಾಯಾಮ) ಬೇಕು ಅಂತ ಬರುವವರು ಜಾಸ್ತಿ. ಇವರಿಗೆ ಈಗ ಖಂಡಿತ ಬೇಡ. 10ಕೆಗೆ ಕಡಿಮೆ ಅಂದರೂ ಏಳೆಂಟು ತಿಂಗಳು ಹಿಡಿಯುತ್ತದೆ ಅಂತ ಈಗಲೇ ಹೇಳಿಬಿಡು. ಶುಗರ್ ಇರುವವರ ಪಾದವನ್ನೂ ನೋಡುತ್ತಿರು, ಗುಳ್ಳೆ ಎದ್ದರೂ ಕೆಲವರಿಗೆ ಗೊತ್ತಾಗಲ್ಲ.

ಉಡುಪಿ ವಾಕರ್:
ನಾನು ಟ್ರೈನರ್ ಅಲ್ಲ, ಕ್ಲೈಂಟ್. 56 ವರ್ಷ, ಸ್ಟೆಂಟ್ ಹಾಕಿ ಮೂರು ವರ್ಷ ಆಯಿತು. 2021ರಲ್ಲಿ ಅಪ್ಪು ಹೋದಾಗ ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ದನ್ನು ಟಿವಿಯಲ್ಲಿ ನೋಡಿದ್ದೆ, ಆದರೂ ನಾನು ಹೋಗಿ ತೋರಿಸಿಕೊಳ್ಳಲಿಲ್ಲ.

ನನ್ನ ವಯಸ್ಸಿನ ಗಂಡಸರು ಹುಡುಗ ಟ್ರೈನರ್ ಮುಂದೆ "ಸಾಕು" ಅನ್ನುವುದಿಲ್ಲ ಮಾರಾಯ್ರೆ. ಎದೆ ಹಿಡಿದುಕೊಂಡ ಹಾಗೆ ಆಗುತ್ತಿದ್ದರೂ ಗ್ಯಾಸ್ ಅಂತ ಸುಮ್ನೆ ಇರುತ್ತೇವೆ. "ಸುಸ್ತಾಯಿತಾ ಸಾರ್" ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ. ಅದರ ಬದಲು ಏನಾದರೂ ಮಾತಿಗೆಳೆಯಿರಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ 108ಕ್ಕೆ ಫೋನ್ ಮಾಡುತ್ತೇನೆ ಅಂತ ಮೊದಲ ದಿನವೇ ಹೇಳಿಡಿ.

ದಾವಣಗೆರೆ ಟ್ರೈನರ್:
ಹೋದ ವಾರ ಡಾಕ್ಟರ್ ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎರಡೂ ಮಾಡಿಸಿ ನಡಿಗೆಗೆ ಒಪ್ಪಿಗೆ ಕೊಟ್ಟರು, ಶುಗರ್ ಮಾತ್ರೆಯ ಹೊತ್ತನ್ನೂ ಬದಲಿಸಿದರು. ಇವತ್ತು ತಿಂಡಿ ತಿಂದು ಬಂದಿದ್ದರು, ಜೇಬಲ್ಲಿ ಗ್ಲೂಕೋಸ್ ಪುಡಿ ಇತ್ತು. ಸ್ಪೀಡ್ 4.2, ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಅಂಗಡಿಯ ಸಾಲ ವಸೂಲಿ ಕಥೆ ಹೇಳುತ್ತಲೇ ನಡೆದರು, ಒಮ್ಮೆಯೂ ಮಾತು ತುಂಡಾಗಲಿಲ್ಲ. ಮುಂದಿನ ವಾರ 25 ನಿಮಿಷ ಮಾಡಬಹುದಾ ಅಣ್ಣಾ?

ಹುಬ್ಬಳ್ಳಿ ಕೋಚ್:
ಇದೇ ಇಪ್ಪತ್ತನ್ನು ಇನ್ನೊಂದು ವಾರ ಮಾಡಿಸು. ಆಮೇಲೆ 25. ಸ್ಪೀಡ್ ಮುಟ್ಟಬೇಡ.