ಟಿಪ್ಪರರಿ: ಒಂದೇ ಕೌಂಟಿ, ಎರಡು ಆಡಳಿತ ಕೇಂದ್ರಗಳೇಕೆ?

ಪ್ರಶ್ನೆ

ಕೆಲಸದ ನಿಮಿತ್ತ ಕಳೆದ ತಿಂಗಳು ಐರ್ಲೆಂಡಿನ ಟಿಪ್ಪರರಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ಲಾನ್‌ಮೆಲ್‌ಗೆ ಬಂದು ನೆಲೆಸಿದ್ದೇನೆ. ನಾನು ಕೊಂಡ ಹಳೆಯ ಕಾರಿನ ನಂಬರ್ ಪ್ಲೇಟಿನಲ್ಲಿ ‘ಟಿಎಸ್’ ಎಂದಿದೆ, ಪಕ್ಕದ ಮನೆಯವರದ್ದರಲ್ಲಿ ‘ಟಿಎನ್’, ಹೊಸ ಕಾರುಗಳಲ್ಲಿ ಬರೀ ‘ಟಿ’. ಕೌನ್ಸಿಲ್ ಕಚೇರಿಯೂ ಒಂದು ಇಲ್ಲಿದೆ, ಇನ್ನೊಂದು ಗಂಟೆಗೂ ಹೆಚ್ಚಿನ ಹಾದಿಯ ನೀನಾ ಪಟ್ಟಣದಲ್ಲಿದೆ. ಇದು ಒಂದು ಕೌಂಟಿಯೋ, ಎರಡೋ? ರಸ್ತೆ, ನೀರಿನ ದೂರುಗಳನ್ನು ಯಾರಿಗೆ ಕೊಡಬೇಕು?

ಉತ್ತರ 1

ಈಗ ಒಂದೇ. ಆದರೆ 4,300 ಚದರ ಕಿಲೋಮೀಟರಿನಷ್ಟು ಹರಡಿರುವ ಈ ಕೌಂಟಿಯ ಉತ್ತರದ ಜನ ನ್ಯಾಯಾಲಯದ ಕೆಲಸಕ್ಕೂ ದಕ್ಷಿಣದ ತುದಿಯ ಕ್ಲಾನ್‌ಮೆಲ್‌ಗೆ ಬರಬೇಕಾಗಿದ್ದುದರಿಂದ, 1838ರಲ್ಲಿ ಇದನ್ನು ಉತ್ತರ ರೈಡಿಂಗ್ ಮತ್ತು ದಕ್ಷಿಣ ರೈಡಿಂಗ್ ಎಂದು ವಿಂಗಡಿಸಿದರು. ‘ರೈಡಿಂಗ್’ ಎಂದರೆ ಮೂಲದಲ್ಲಿ ಮೂರನೆಯ ಒಂದು ಪಾಲು. ಇಲ್ಲಿ ಮಾತ್ರ ಪಾಲುಗಳು ಎರಡೇ. 1899ರಿಂದ ಎರಡಕ್ಕೂ ಪ್ರತ್ಯೇಕ ಕೌನ್ಸಿಲ್‌ಗಳಿದ್ದವು, 2014ರಲ್ಲಿ ಅವು ವಿಲೀನವಾದವು. ನಿಮ್ಮ ಪ್ಲೇಟಿನ ಅಕ್ಷರಗಳು ಆ ವಿಭಜನೆಯ ಗುರುತು: ‘ಟಿಎಸ್’ ದಕ್ಷಿಣ (ಸೌತ್) ಟಿಪ್ಪರರಿ, ‘ಟಿಎನ್’ ಉತ್ತರ (ನಾರ್ತ್) ಟಿಪ್ಪರರಿ.

ನೆಲವೂ ಎರಡು ದಿಕ್ಕಿಗೆ ಮುಖ ಮಾಡಿದೆ. ವಾಯವ್ಯದ ಅಂಚಿನಲ್ಲಿ ಷ್ಯಾನನ್ ನದಿಯ ಲಾಫ್ ಡರ್ಗ್ ಸರೋವರವಿದೆ. ಡೆವಿಲ್ಸ್ ಬಿಟ್ ಬೆಟ್ಟದಲ್ಲಿ ಹುಟ್ಟುವ ಷೂರ್ ನದಿ ಮಾತ್ರ ಥರ್ಲ್ಸ್, ಕಾಹಿರ್, ಕ್ಲಾನ್‌ಮೆಲ್‌ಗಳನ್ನು ಹಾದು ವಾಟರ್‌ಫರ್ಡ್ ಕಡೆಗೆ ಹರಿಯುತ್ತದೆ. ಸೈತಾನನು ಆ ಬೆಟ್ಟದಿಂದ ಕಚ್ಚಿ ಉಗುಳಿದ ತುಂಡೇ ಕ್ಯಾಷೆಲ್‌ನ ಬಂಡೆಯಾಯಿತೆಂದು ಊರಿನವರು ಕಥೆ ಹೇಳುತ್ತಾರೆ.

ಉತ್ತರ 2

ಸ್ಥಳೀಯ ರಸ್ತೆ, ವಸತಿ, ಗ್ರಂಥಾಲಯ, ಅಗ್ನಿಶಾಮಕ ದಳ ಕೌನ್ಸಿಲಿನವು. ಕುಡಿಯುವ ನೀರನ್ನು ಈಗ ‘ಇಷ್ಕ ಏರನ್’ ಎಂಬ ರಾಷ್ಟ್ರೀಯ ಸಂಸ್ಥೆ ನೋಡಿಕೊಳ್ಳುತ್ತದೆ. ಪೊಲೀಸ್, ಆಸ್ಪತ್ರೆಗಳು ಕೌನ್ಸಿಲಿನ ವ್ಯಾಪ್ತಿಗೆ ಬರುವುದಿಲ್ಲ. ಬಜೆಟ್ ಮತ್ತು ಅಭಿವೃದ್ಧಿ ಯೋಜನೆಗೆ ಚುನಾಯಿತರಾದ 40 ಸದಸ್ಯರ ಒಪ್ಪಿಗೆ ಬೇಕು, ದೈನಂದಿನ ಆಡಳಿತವನ್ನು ನೇಮಕಗೊಂಡ ಮುಖ್ಯ ಕಾರ್ಯನಿರ್ವಾಹಕರು ನಡೆಸುತ್ತಾರೆ.

ಇನ್ನೊಂದು ಮಾತು: ಇಲ್ಲಿ ವಾಸವಿರುವ 18 ತುಂಬಿದ ಯಾರಾದರೂ, ಭಾರತದ ಪೌರರಾಗಿದ್ದರೂ, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ದಯವಿಟ್ಟು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಿ.

ಉತ್ತರ 3

ವಿಲೀನದ ಜೊತೆಗೇ ದೇಶದ ಎಲ್ಲ ಪಟ್ಟಣ ಕೌನ್ಸಿಲ್‌ಗಳೂ ರದ್ದಾದವು ಎಂಬುದನ್ನು ಸೇರಿಸಬೇಕು. ಕ್ಯಾಷೆಲ್, ಥರ್ಲ್ಸ್, ಟೆಂಪಲ್‌ಮೋರ್‌ನಂಥ ಊರುಗಳು ತಮ್ಮದೇ ಸಭೆಯನ್ನು ಕಳೆದುಕೊಂಡು ಕೌಂಟಿ ಕೌನ್ಸಿಲಿನ ಉಪವಿಭಾಗಗಳಾದ ಮುನಿಸಿಪಲ್ ಡಿಸ್ಟ್ರಿಕ್ಟ್‌ಗಳೊಳಗೆ ಸೇರಿದವು. ಎರಡು ಕೌನ್ಸಿಲ್ ಒಂದಾದದ್ದು ಸರಿಯೇ ಆಯಿತು, ಆದರೆ ತನ್ನ ಬೀದಿಯ ಬಗ್ಗೆ ತಾನೇ ತೀರ್ಮಾನಿಸುತ್ತಿದ್ದ ಊರಿಗೆ ಆ ಹಕ್ಕು ತಪ್ಪಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಹಾಗಾಗಿ ನಿಮ್ಮ ರಸ್ತೆಯ ದೂರನ್ನು ಕ್ಲಾನ್‌ಮೆಲ್ ಕಚೇರಿಗೆ ಕೊಡುವಾಗ, ನಿಮ್ಮ ಡಿಸ್ಟ್ರಿಕ್ಟಿನ ಸದಸ್ಯರಿಗೂ ಒಂದು ಪತ್ರ ಬರೆಯಿರಿ.