ಗಲ್ಲ ಅಂದರೆ ಕೆನ್ನೆಯೋ, ಗದ್ದವೋ?

ನಾನು ಹುಟ್ಟಿ ಬೆಳೆದದ್ದು ಮೈಸೂರು, ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ಮಗಳಿಗೆ ಮೂರು ತಿಂಗಳಿದ್ದಾಗ ಒಂದು ದಿನ ಎಣ್ಣೆ ಹಚ್ಚಿ ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ್ದೆವು. ಅತ್ತೆ, 'ಗಲ್ಲಕ್ಕ ಕಾಡಿಗಿ ಹಚ್ಚವಾ, ದೃಷ್ಟಿ ಆಗ್ತೈತಿ' ಅಂದರು. ನಾನು ಬೆರಳ ತುದಿಯಲ್ಲಿ ಕಾಡಿಗೆ ತೆಗೆದು, ತುಟಿಯ ಕೆಳಗೆ ಸರಿಯಾಗಿ ನಡುವೆ ಒಂದು ಬೊಟ್ಟಿಟ್ಟೆ. ಅತ್ತೆ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. 'ಗಲ್ಲಕ್ಕ ಅಂದ್ರ ಗದ್ದಕ್ಕ ಹಚ್ಚೀಯಲ್ಲ ಯವ್ವಾ' ಅಂತ ತಾವೇ ಬಲಗೆನ್ನೆಯ ಮೇಲೆ ಇನ್ನೊಂದು ಇಟ್ಟರು. ಅವತ್ತು ಮಗಳಿಗೆ ಎರಡು ದೃಷ್ಟಿಬೊಟ್ಟು.

ನಮ್ಮ ಮೈಸೂರಿನ ಮನೆಯಲ್ಲಿ ಗಲ್ಲ ಅಂದರೆ ತುಟಿಯ ಕೆಳಗಿನ ಭಾಗ. ಇಲ್ಲಿ ಅದು ಗದ್ದ. ಗಲ್ಲ ಅಂದರೆ ಕೆನ್ನೆ. ಸಂಸ್ಕೃತದ ಗಲ್ಲಕ್ಕೂ ಕೆನ್ನೆ ಅಂತಲೇ ಅರ್ಥ, ಮರಾಠಿ, ಹಿಂದಿಯವರ ಗಾಲ್ ಕೂಡ ಅದೇ ಬಳಗದ್ದು. ಸಂಸ್ಕೃತದ ಅಲಂಕಾರಶಾಸ್ತ್ರದವರು ಗಲ್ಲವನ್ನು ಗ್ರಾಮ್ಯ ಅಂತ ಕಾವ್ಯದಿಂದ ಹೊರಗಿಟ್ಟರು. ಕವಿಗಳಿಗೆ ಕಪೋಲವೇ ಬೇಕಾಯಿತು. ಬಾಯಿ ತುಂಬಾ ಹೇಳಬಹುದಾದ ಪದ ಅದು, ಬಿಡಬಾರದಿತ್ತು.

ಹಾಗಾದರೆ ಧಾರವಾಡದ ಅರ್ಥವೇ ಹಳೆಯದು ಅಂತ ನನಗೆ ಅನ್ನಿಸುತ್ತದೆ. ಮೈಸೂರಿನಲ್ಲೂ ಅದರ ಗುರುತು ಉಳಿದಿದೆ. ನಮ್ಮ ಅಜ್ಜಿ ದೇವರ ಮುಂದೆ ನಿಲ್ಲಿಸಿ 'ಗಲ್ಲ ಗಲ್ಲ ಬಡ್ಕೋ, ತಪ್ಪಾಯ್ತು ಅನ್ನು' ಅನ್ನುತ್ತಿದ್ದರು. ನಾವು ಎರಡು ಕೈಯಿಂದಲೂ ಬಡಿದುಕೊಳ್ಳುತ್ತಿದ್ದದ್ದು ಕೆನ್ನೆಯನ್ನೇ. ಗದ್ದವನ್ನು ಯಾರೂ ಬಡಿದುಕೊಳ್ಳುವುದಿಲ್ಲ, ಅಲ್ವಾ?

ಇನ್ನು ಕಪಾಳ. ಇದು ಮೂಲದಲ್ಲಿ ತಲೆಬುರುಡೆ, ಶಿವ ಕಪಾಲಿ ಆದದ್ದು ಅದರಿಂದ. ಕಪೋಲದ ಜೊತೆ ಕಲೆತು ಕೆನ್ನೆಗೆ ಇಳಿದಿರಬೇಕು ಅನ್ನುವುದು ನನ್ನ ಊಹೆ. ಗಮನಿಸಿ, ಕಪಾಳ ಬರುವುದು ಏಟು ಬೀಳುವಾಗ ಮಾತ್ರ. 'ಕಪಾಳಕ್ಕೆ ಬಾರಿಸಿದ' ಅನ್ನುತ್ತೇವೆ, ಕಪಾಳಕ್ಕೆ ಮುತ್ತು ಕೊಟ್ಟವರಿಲ್ಲ. ಅರಿಶಿನ ಹಚ್ಚುವುದು, ಗುಳಿ ಬೀಳುವುದು, ಸವರಿ ನೆಟಿಗೆ ಮುರಿಯುವುದು, ಎಲ್ಲ ಕೆನ್ನೆಗೇ. ಅದೇ ಜಾಗ, ಆದರೆ ಸಿಟ್ಟಿಗೊಂದು ಹೆಸರು, ಪ್ರೀತಿಗೊಂದು ಹೆಸರು.

ಕೆಂಪಿನಲ್ಲೂ ಇಂಥ ಒಂದು ಭೇದ ಇದೆ. 'ಅವಳ ಮುಖ ಕೆಂಪಗಾಯ್ತು' ಅಂದರೆ ಕೋಪ ಅಂತಲೇ ಮೊದಲು ತೋಚುತ್ತದೆ. 'ಕೆನ್ನೆ ಕೆಂಪಾಯ್ತು' ಅಂದರೆ ನಾಚಿಕೆ. ಇದಕ್ಕೇ ಇರಬೇಕು, ಕೆನ್ನಾಲಿಗೆ, ಕೆಂದಾವರೆಯ ಹಾಗೆ ಕೆನ್ನೆ ಕೂಡ 'ಕೆಂ'ನಿಂದ ಬಂದದ್ದು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತಮಿಳಿನಲ್ಲಿ ಕೆನ್ನೆಗೆ ಕನ್ನಂ ಅನ್ನುತ್ತಾರೆ. ನಮ್ಮ 'ಕೆಂ' ಅವರಲ್ಲಿ 'ಸೆಂ' ಆಗುತ್ತದೆ. ಕೆನ್ನೆಯಲ್ಲಿ ಕೆಂಪು ಇದ್ದಿದ್ದರೆ ಅಲ್ಲಿಯೂ ಸಕಾರ ಕಾಣಬೇಕಿತ್ತು.

ಈಗ ನಿಮ್ಮನ್ನು ಕೇಳಬೇಕಾದದ್ದು. 'ಗಲ್ಲಕ್ಕೆ ಕೈಯಿಟ್ಟು ಕೂತಳು' ಅಂತ ಎಲ್ಲಾದರೂ ಓದಿದರೆ ಮೊದಲು ನನಗೆ ಕಾಣುತ್ತಿದ್ದದ್ದು ಗದ್ದ ಊರಿ ಏನೋ ಯೋಚನೆ ಮಾಡುವ ಹೆಂಗಸು. ನನ್ನ ಅತ್ತೆಗೆ ಕಾಣುವುದು ಅಂಗೈಗೆ ಕೆನ್ನೆ ಒರಗಿಸಿ ಚಿಂತೆಯಲ್ಲಿ ಮುಳುಗಿದವಳು. ಹಾಗೆ ಕೂತರೆ ಮನೆಗೆ ಒಳ್ಳೆಯದಲ್ಲ ಅಂತ ಹಿರಿಯರು ಬೈಯುತ್ತಾರಲ್ಲ, ಆ ಭಂಗಿ. ನಿಮಗೆ ಯಾವಳು ಕಾಣುತ್ತಾಳೆ? ಹಾಸನ, ಶಿವಮೊಗ್ಗ, ಬಳ್ಳಾರಿ, ಕಲಬುರಗಿ ಕಡೆಯವರು ನಿಮ್ಮ ಮನೆಯ ಹಿರಿಯರು ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ. ಚಿತ್ರದುರ್ಗ, ದಾವಣಗೆರೆಯವರು ಖಂಡಿತ ಬರೆಯಬೇಕು. ಗಲ್ಲ ಕೆನ್ನೆಯಿಂದ ಗದ್ದಕ್ಕೆ ಇಳಿಯುವ ಗಡಿ ಅಲ್ಲೇ ಎಲ್ಲೋ ಇರಬೇಕು.