ಪದಚರ್ಚೆ: ‘ಮೈಸೂರು ರಸ್ತೆ’ ಎಲ್ಲಿಯವರೆಗೆ ಬೀದಿ? ಮತ್ತು ಕೊಡಗಿನ ‘ಬಟ್ಟೆ’

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಹುಟ್ಟೂರು ಪಿರಿಯಾಪಟ್ಟಣದ ಕಡೆ. ಎಂಟನೇ ತರಗತಿಯ ಮಕ್ಕಳಿಗೆ ಈ ಸಲ ‘ನಮ್ಮೂರ ರಸ್ತೆ’ ಅಂತ ಒಂದು ಕೆಲಸ ಕೊಟ್ಟಿದ್ದೆ. ಜನರಲ್ ತಿಮ್ಮಯ್ಯ ವೃತ್ತದಿಂದ ಹೊರಟು ಸುದರ್ಶನ ವೃತ್ತ, ಚೈನ್‌ಗೇಟ್ ದಾಟಿ ಇಬ್ನಿವಳವಾಡಿ, ಬೋಯಿಕೇರಿ ತನಕ ಮೈಸೂರು ರಸ್ತೆಯ ನಕ್ಷೆ ಬರೆಯಬೇಕು, ಪಕ್ಕದಲ್ಲಿ ನಾಲ್ಕು ಸಾಲಿನ ವಿವರಣೆ ಇರಬೇಕು. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: “ಈ ಬೀದಿ ಚೈನ್‌ಗೇಟ್ ದಾಟಿದ ಮೇಲೆ ರಸ್ತೆ ಆಗುತ್ತದೆ.” ತಿದ್ದೋಣ ಅಂತ ಕೆಂಪು ಪೆನ್ನು ಎತ್ತಿದೆ. ಏನು ತಿದ್ದಬೇಕು ಅಂತ ಹೊಳೆಯಲಿಲ್ಲ. ಅವಳ ವಾಕ್ಯ ಸರಿಯಾಗಿಯೇ ಇದೆ ಅನ್ನಿಸಿತು. ಅಂದಿನಿಂದ ಇದೇ ಗುಂಗು.

ಬೀದಿಗೂ ರಸ್ತೆಗೂ ನಾವು ದಿನಾ ವ್ಯತ್ಯಾಸ ಮಾಡುತ್ತೇವೆ, ಗಮನಿಸಿರುವುದಿಲ್ಲ ಅಷ್ಟೆ. ರಸ್ತೆ ಅಪಘಾತ ಅನ್ನುತ್ತೇವೆ, ಬೀದಿ ಅಪಘಾತ ಅನ್ನುವುದಿಲ್ಲ. ಬೀದಿನಾಯಿ, ಬೀದಿನಾಟಕ, ಬೀದಿದೀಪ ಇವೆ. ರಸ್ತೆ ಅಗಲೀಕರಣ, ರಸ್ತೆ ತೆರಿಗೆ, ರಸ್ತೆಗುಂಡಿ ಇವೆ. ಸಂಸಾರ ಬೀದಿಗೆ ಬೀಳುತ್ತದೆ, ರಸ್ತೆಗೆ ಬೀಳುವುದಿಲ್ಲ. ಮಡಿಕೇರಿ ದಸರಾದಲ್ಲಿ ಕರಗಗಳೂ ದಶಮಂಟಪಗಳೂ ಹೊರಟಾಗ ಪತ್ರಿಕೆಗಳು ‘ನಗರದ ಪ್ರಮುಖ ಬೀದಿಗಳಲ್ಲಿ’ ಅಂತಲೇ ಬರೆಯುತ್ತವೆ. ಮಾರನೇ ದಿನ ಅದೇ ಜಾಗದ ವಾಹನ ದಟ್ಟಣೆಯ ಸುದ್ದಿ ಬಂದರೆ ಅಲ್ಲಿ ರಸ್ತೆಯೇ ಬರುತ್ತದೆ. ಅಂದರೆ ಡಾಂಬರು ಒಂದೇ, ಅದರ ಮೇಲೆ ಏನು ನಡೆಯುತ್ತಿದೆ ಅನ್ನುವುದರ ಮೇಲೆ ಪದ ನಿಲ್ಲುತ್ತದೆ. ಪ್ರತಿಭಟನೆಗೆ ಮಾತ್ರ ಜನ ಬೀದಿಗೂ ಇಳಿಯುತ್ತಾರೆ, ರಸ್ತೆಗೂ ಇಳಿಯುತ್ತಾರೆ. ಅದು ಎರಡರ ನಡುವಿನ ಗಡಿ ಇರಬೇಕು.

ನನ್ನ ಲೆಕ್ಕದಲ್ಲಿ ಎರಡು ಕಡೆ ಮನೆ–ಅಂಗಡಿಗಳ ಬಾಗಿಲು ಎದುರುಬದುರು ತೆರೆದುಕೊಂಡಿದ್ದರೆ ಅದು ಬೀದಿ. ಒಬ್ಬರು ಜಗಲಿಯಲ್ಲಿ ನಿಂತು ಎದುರು ಮನೆಯವರನ್ನು ಕೂಗಿ ಮಾತಾಡಿಸಬಹುದು. ರಸ್ತೆ ಎಲ್ಲಿಗೋ ಹೋಗುವುದಕ್ಕೆ ಇರುವಂಥದ್ದು. ಬೀದಿ ಸಂಸ್ಕೃತದ ವೀಥಿಯಿಂದ ಬಂತು, ರಸ್ತೆ ಪಾರಸಿಯಿಂದ. ಆದರೆ ಬೇರುಗಳ ಈ ಭೇದದಿಂದ ಬಳಕೆಯ ಭೇದ ಬಂದಿದೆ ಅಂತ ನಾನು ಹೇಳುತ್ತಿಲ್ಲ. ಬಳಸುತ್ತಾ ಬಳಸುತ್ತಾ ನಾವೇ ಹಂಚಿಕೊಟ್ಟಿದ್ದೇವೆ. ಮಡಿಕೇರಿಯ ಒಳಗೆ ಗಣಪತಿ ಬೀದಿ, ಗೌಳಿ ಬೀದಿ ಇವೆ. ಊರು ಬಿಟ್ಟು ಹೊರಡುವವೆಲ್ಲ ಮೈಸೂರು ರಸ್ತೆ, ಮಂಗಳೂರು ರಸ್ತೆ, ಸಿದ್ದಾಪುರ ರಸ್ತೆ.

ಇಲ್ಲಿ ಇನ್ನೊಬ್ಬ ಹುಡುಗ ಕೇಳಿದ ಪ್ರಶ್ನೆಯನ್ನೂ ಹೇಳಬೇಕು. “ಮಿಸ್, ಇದು ಮಡಿಕೇರಿಯಲ್ಲಿ ಇದೆ, ಮತ್ತೆ ಮೈಸೂರು ರಸ್ತೆ ಯಾಕೆ?” ಊರಿನಿಂದ ಹೊರಡುವ ರಸ್ತೆಗೆ ಯಾವತ್ತೂ ಆಚೆ ತುದಿಯ ಹೆಸರು. ಹುಣಸೂರಿಗೆ ಹೋದರೆ ಇದೇ ರಸ್ತೆ ಮಡಿಕೇರಿ ರಸ್ತೆ. ಕುಶಾಲನಗರದಲ್ಲಂತೂ ಪೇಟೆಯ ಮಧ್ಯೆ ನಿಂತು ಪಶ್ಚಿಮಕ್ಕೆ ತಿರುಗಿದರೆ ಮಡಿಕೇರಿ ರಸ್ತೆ, ಪೂರ್ವಕ್ಕೆ ತಿರುಗಿದರೆ ಮೈಸೂರು ರಸ್ತೆ. ಬಂಟ್ವಾಳದಿಂದ ಬೆಂಗಳೂರಿನವರೆಗೂ ಹೋಗುವ ಈ ದಾರಿಗೆ ಸರಕಾರ ಕೊಟ್ಟ ಹೆಸರು ರಾಷ್ಟ್ರೀಯ ಹೆದ್ದಾರಿ 275. ಬಸ್ಸಿನಲ್ಲಿ ಯಾರ ಬಾಯಲ್ಲೂ ಆ ಸಂಖ್ಯೆ ಕೇಳಿಲ್ಲ.

ಹೆಸರಿನ ವಿಚಾರಕ್ಕೇ ಬಂದರೆ, ಮಡಿಕೇರಿಯ ಹೆಸರೊಳಗೇ ಒಂದು ಬೀದಿ ಇದೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಬಾಯಿಂದ ಬಾಯಿಗೆ ಸವೆದು ಮಡಿಕೇರಿ ಆಯಿತು, ಬ್ರಿಟಿಷರ ಬಾಯಲ್ಲಿ ಮರ್ಕೆರಾ ಆಯಿತು. ಹಳೆಯ ಕನ್ನಡದಲ್ಲಿ ಕೇರಿ ಅಂದರೆ ಬೀದಿ, ಮನೆಗಳ ಸಾಲು. ಬಯಲುಸೀಮೆಯಲ್ಲಿ ಆ ಪದ ಜಾತಿಯ ಗೆರೆಯೊಳಗೆ ಸಿಕ್ಕಿಕೊಂಡು ಕುಗ್ಗಿಹೋಯಿತು. ನಮ್ಮೂರಲ್ಲಿ ‘ಕೇರಿ’ ಅಂದಾಗ ದೊಡ್ಡವರ ದನಿ ಬದಲಾಗುತ್ತಿದ್ದದ್ದು ನನಗೆ ಈಗಲೂ ನೆನಪಿದೆ, ಅದರ ನೋವೂ ಇದೆ. ಕೊಡಗಿನಲ್ಲಿ ಹಾಗಿಲ್ಲ. ಇಲ್ಲಿ ಕೇರಿ ಅಂದರೆ ಊರಿನ ಒಂದು ಭಾಗ, ಅಷ್ಟೇ. ಮೈಸೂರು ರಸ್ತೆಯಲ್ಲಿ ಬೋಯಿಕೇರಿ, ವಿರಾಜಪೇಟೆ ರಸ್ತೆಯಲ್ಲಿ ಮೇಕೇರಿ, ನಡುವೆ ಮಡಿಕೇರಿ. ಆ ಪದಕ್ಕೆ ಇಲ್ಲಿ ಮರ್ಯಾದೆ ಉಳಿದಿರುವುದು ನನಗೆ ತುಂಬಾ ಸಮಾಧಾನ ಕೊಡುತ್ತದೆ.

ಓಣಿಯದೂ ಇದೇ ಕಥೆ, ಬೇರೆ ರೀತಿ. ಧಾರವಾಡದ ಕಡೆ ಓಣಿ ಅಂದರೆ ಮನೆಗಳಿಂದ ಕಿಕ್ಕಿರಿದ ಬೀದಿ, ‘ನಮ್ಮ ಓಣಿಯವರು’ ಅಂದರೆ ನೆರೆಹೊರೆಯವರು. ಕೊಡಗಿನಲ್ಲಿ ಓಣಿ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಹೋಗುವ ಇಕ್ಕಟ್ಟಾದ ದಾರಿ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಜರಿಗಿಡ, ಪಾಚಿ, ನೇರ ಹೋಗದೆ ತಿರುತಿರುಗಿ ಸಾಗುತ್ತದೆ. ಕೊನೆ ಮುಟ್ಟುವವರೆಗೆ ಒಂದು ಮನೆಯೂ ಕಾಣುವುದಿಲ್ಲ. ಮುಟ್ಟಿದಾಗ ಕಾಣುವುದು ಒಂದೇ ಮನೆ.

ಮೈಸೂರು ಕಡೆಯ ದಾರಿಗೆ ಮರಳುತ್ತೇನೆ. ರಾಜರ ಕಾಲದಲ್ಲಿ ಹೊರಗಿನವರು ಸಲೀಸಾಗಿ ಒಳಗೆ ಬರಬಾರದು ಅನ್ನುವುದೇ ಮುಖ್ಯವಾಗಿತ್ತು. ಅದಕ್ಕೇ ಕಡಂಗ ಅಂತ ಕರೆಯುವ ಆಳದ ಕಂದಕಗಳು, ಕಣಿವೆಯ ಬಾಯಲ್ಲಿ ಉಕ್ಕಡ ಅಂತ ಕರೆಯುವ ಕಾವಲು ಠಾಣೆಗಳು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಗೆ ಬಂದ ಮೇಲೆ ಲೆಕ್ಕ ತಿರುಗಿತು, ಸರಕು ಮತ್ತು ಸೈನ್ಯ ಓಡಾಡುವ ರಸ್ತೆ ಬೇಕಾಯಿತು. ಅಂದು ಬಂದ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಕುಶಾಲನಗರ ಫ್ರೇಜರ್‌ಪೇಟೆ ಆಯಿತು. ಕಾವೇರಿ ದಾಟಿದರೆ ಕೊಪ್ಪ, ಅಲ್ಲಿಂದ ಮೈಸೂರು ಸೀಮೆ. ಈಚೆಗೆ ಗುಡ್ಡೆಹೊಸೂರು, ಆನೆಕಾಡು, ಏಳನೇ ಹೊಸಕೋಟೆ, ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ ಅಂತ ರಸ್ತೆ ಏರುತ್ತಾ ಬರುತ್ತದೆ. ಊರು ಸಿಗುವುದು ಚೈನ್‌ಗೇಟ್‌ನಲ್ಲಿ. ಸರಪಳಿಯೂ ಗೇಟೂ ಎರಡೂ ಸೇರಿದ ಆ ಹೆಸರು ಕೇಳಿದಾಗಲೆಲ್ಲ ನನಗೆ ಉಕ್ಕಡದ ನೆನಪಾಗುತ್ತದೆ. ಕಂಡಕ್ಟರ್ “ಚೈನ್‌ಗೇಟ್ ಯಾರ್ರೀ?” ಅಂದಾಗ ಊರು ಬಂತು ಅಂತ ಎಲ್ಲರೂ ಚೀಲ ಹುಡುಕಿಕೊಳ್ಳುತ್ತಾರೆ.

ಮಡಿಕೇರಿಯಿಂದ ಪಶ್ಚಿಮಕ್ಕೆ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿದರೆ ಪದವೇ ಬದಲಾಗುತ್ತದೆ. ಅಲ್ಲಿ ಇದು ಮಾರ್ಗ. ಸುಳ್ಯ, ಪುತ್ತೂರು ಕಡೆಯವರಿಗೆ ಮಾರ್ಗ ಅಂದರೆ ಬಸ್ಸು ಓಡುವ ಡಾಂಬರು ರಸ್ತೆಯೇ. ಘಟ್ಟದ ಮೇಲಿನ ನಮಗೆ ಮಾರ್ಗ ಅಂದರೆ ‘ಸನ್ಮಾರ್ಗ’ದ ಮಾರ್ಗ, ಪುಸ್ತಕದ ಪದ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಸಂಪರ್ಕ ಕಡಿದಾಗ, ಕೆಳಗಿನ ನೆಂಟರು ಫೋನಿನಲ್ಲಿ “ಮಾರ್ಗವೇ ಇಲ್ಲ” ಅಂದದ್ದನ್ನು ಬೇರೆ ದಾರಿ ತೋಚುತ್ತಿಲ್ಲ ಅಂತ ಅರ್ಥಮಾಡಿಕೊಂಡು ಧೈರ್ಯ ಹೇಳಲು ಹೋಗಿದ್ದೆ. ಅವರು ಹೇಳಿದ್ದು ಅಕ್ಷರಶಃ. ರಸ್ತೆ ಕೊಚ್ಚಿಹೋಗಿತ್ತು.

ಈಗ ನನ್ನ ಮುಖ್ಯ ಪ್ರಶ್ನೆ. ಹೋದ ಮಳೆಗಾಲ ಕುಶಾಲನಗರದಿಂದ ಬರುವಾಗ ಬೋಯಿಕೇರಿ ಹತ್ತಿರ ಬಸ್ಸು ನಿಂತಿತು. ಮುಂದೆ ಸಿಲ್ವರ್ ಮರವೊಂದು ಅಡ್ಡ ಬಿದ್ದಿತ್ತು, ಮಂಜಿನಲ್ಲಿ ಗರಗಸದ ಸದ್ದು ಮಾತ್ರ ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಕೊಡವ ಅಜ್ಜಿ ಮನೆಗೆ ಫೋನ್ ಮಾಡಿ “ಬಟ್ಟೇಲ್ ಮರ ಬುದ್ದತ್” ಅಂದರು. ದಾರಿಯಲ್ಲಿ ಮರ ಬಿತ್ತು ಅಂತ. ನಾನು ಕಾಲೇಜಿನಲ್ಲಿ ಹಳಗನ್ನಡ ಓದುವಾಗ ‘ಬಟ್ಟೆ = ದಾರಿ’ ಅಂತ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಆ ಪದ ಪ್ಲಾಸ್ಟಿಕ್ ಕೊಡೆ ಹಿಡಿದ ಒಬ್ಬ ಅಜ್ಜಿಯ ಬಾಯಿಂದ, ಏನೂ ವಿಶೇಷವಿಲ್ಲ ಅನ್ನುವ ಹಾಗೆ ಬಂತು. ಮೈ ಜುಮ್ಮೆಂದಿತು.

ಕನ್ನಡದಲ್ಲಿ ಈಗ ಬಟ್ಟೆ ಅಂದರೆ ಅರಿವೆ, ಅಷ್ಟೇ. ಎರಡೂ ಬೇರೆ ಬೇರೆ ಪದಗಳು, ಸದ್ದಿನಲ್ಲಿ ಮಾತ್ರ ಒಂದಾದವು. ಉಡುವ ಬಟ್ಟೆ ಉಳಿದು ನಡೆಯುವ ಬಟ್ಟೆ ಬಿದ್ದುಹೋಯಿತು. ದಾರಿಹೋಕನಿಗೆ ಬಟ್ಟೆಗ ಅನ್ನುತ್ತಿದ್ದರು, ಹೆದ್ದಾರಿಗೆ ಹೆಬ್ಬಟ್ಟೆ ಅನ್ನುತ್ತಿದ್ದರು. ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ಅದನ್ನು ಬಿಡಲಿಲ್ಲ. ಕೊಡವವನ್ನು ಕನ್ನಡದ ಉಪಭಾಷೆ ಅಂತ ಸುಲಭಕ್ಕೆ ತಳ್ಳಿಹಾಕುವವರಿಗೆ ನಾನು ಒಪ್ಪುವುದಿಲ್ಲ. ಅದು ತನ್ನದೇ ನಡೆಯ ಭಾಷೆ. ನಾವು ಕಳೆದುಕೊಂಡದ್ದನ್ನು ಪಕ್ಕದ ಮನೆಯವರು ದಿನಾ ಬಳಸುತ್ತಿದ್ದಾರೆ, ನಾವು ಹೋಗಿ ಕೇಳಿಲ್ಲ ಅಷ್ಟೆ.

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆಯ ಕನ್ನಡದಲ್ಲಿ ದಾರಿ ಅನ್ನುವ ಅರ್ಥದ ಬಟ್ಟೆ ಬಾಯಿಮಾತಿನಲ್ಲಿ ಎಲ್ಲಾದರೂ ಉಳಿದಿದೆಯೇ? ಜೋಡುಪದದಲ್ಲಿ, ಹೊಲದ ಹೆಸರಿನಲ್ಲಿ, ಗಾದೆಯಲ್ಲಿ, ಕಾಡಿನ ಕಾಲುದಾರಿಯ ಹೆಸರಿನಲ್ಲಿ? ಪುಸ್ತಕದ ಉದಾಹರಣೆ ಬೇಡ, ನೀವೇ ಕಿವಿಯಾರೆ ಕೇಳಿದ್ದು ಬೇಕು. ಯಾವ ಊರು, ಹೇಳಿದವರಿಗೆ ಸುಮಾರು ಎಷ್ಟು ವಯಸ್ಸು ಅಂತಲೂ ಬರೆಯಿರಿ.

ಇನ್ನೊಂದು ಸಣ್ಣದು. ಚೈನ್‌ಗೇಟ್‌ನಿಂದ ಆಚೆ, ಪೂರ್ತಿ ಊರೂ ಅಲ್ಲದ ಪೂರ್ತಿ ತೋಟವೂ ಅಲ್ಲದ ಆ ಭಾಗಕ್ಕೆ ಏನನ್ನುತ್ತೀರಿ? ಉಪನಗರ ಅಂದರೆ ಮಕ್ಕಳಿಗೆ ಬೆಂಗಳೂರು ಕಣ್ಣಿಗೆ ಬರುತ್ತದೆ. ಹೊರವಲಯ ಅನ್ನುವುದು ಅಪರಾಧ ಸುದ್ದಿಯ ಪದವಾಗಿಬಿಟ್ಟಿದೆ. ಬಡಾವಣೆಗೆ ಸೈಟು, ಅಡ್ಡರಸ್ತೆ ಎಲ್ಲ ಬೇಕು, ಇಲ್ಲಿ ಕಾಫಿ ತೋಟದ ನಡುವೆ ನಾಲ್ಕು ಮನೆ, ಒಂದು ಗ್ಯಾರೇಜು, ಆಮೇಲೆ ಮತ್ತೆ ತೋಟ. ನಮ್ಮ ಮಕ್ಕಳು “ಟೌನಿಂದ ಕೆಳಗೆ” ಅನ್ನುತ್ತಾರೆ.

ನಕ್ಷೆಗಳನ್ನು ಶನಿವಾರ ಶಾಲೆಯ ಗೋಡೆಗೆ ಅಂಟಿಸುತ್ತೇವೆ. ಆ ಹುಡುಗಿಯ ವಾಕ್ಯವನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ. ಕೆಳಗೆ ಒಂದು ಗೆರೆ ಎಳೆದು ಈ ದಾರಿಗೆ ನಮ್ಮೂರಲ್ಲಿರುವ ಪದಗಳನ್ನೆಲ್ಲ ಬರೆಯಲು ಹೇಳಿದ್ದೆ. ಮೂರು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದು ‘ಬಟ್ಟೆ’ ಬರೆದರು, ಒಬ್ಬ ‘ಮಾರ್ಗ’ ಬರೆದ. ನಿಮ್ಮಿಂದ ಬಂದ ಪದಗಳಿಗೂ ಕೆಳಗೆ ಜಾಗ ಬಿಟ್ಟಿದ್ದೇವೆ.